ಬೀಗರ ಮುತ್ತಜ್ಜ ಇಲಿನಾಯ್‌ನ ಸಣ್ಣ ಊರಿನಲ್ಲಿ ವಕೀಲರಾಗಿದ್ದರು: ಅವರ ವೃತ್ತಿಯನ್ನು ಅರಿಯುವ ಬಗೆ ಹೇಗೆ?

ನಿವೃತ್ತ ಶಿಕ್ಷಕಿ, ಶಿವಮೊಗ್ಗ (ಸದ್ಯ ಸೇಂಟ್ ಲೂಯಿಸ್)

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದ ನಾನು ಈಗ ಆರು ತಿಂಗಳ ಮಟ್ಟಿಗೆ ಸೇಂಟ್ ಲೂಯಿಸ್‌ನಲ್ಲಿರುವ ಮಗನ ಮನೆಗೆ ಬಂದಿದ್ದೇನೆ. ಸೊಸೆ ಈ ನೆಲದವಳೇ. ಮಿಸಿಸಿಪ್ಪಿ ನದಿಯ ಆಚೆ ದಡದಲ್ಲಿ, ಇಲಿನಾಯ್ ರಾಜ್ಯದ ಒಂದು ಸಣ್ಣ ಊರಿನಲ್ಲಿ, ಜರ್ಮನ್ ಮೂಲದ ಮನೆತನದಲ್ಲಿ ಹುಟ್ಟಿ ಬೆಳೆದವಳು. ಮೊಮ್ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದಾಗ ನಮ್ಮ ಕಡೆಯ ಐದು ತಲೆಮಾರುಗಳನ್ನು ನಾನು ಬಾಯಲ್ಲೇ ಹೇಳಿ ಬರೆಸಿದೆ. ಆ ಕಡೆಯದನ್ನು ಬರೆಯುವ ದಿನ ಬೀಗರು ಒಂದು ತಗಡಿನ ಪೆಟ್ಟಿಗೆಯನ್ನು ತಂದು ಊಟದ ಮೇಜಿನ ಮೇಲಿಟ್ಟರು. ಅದರಲ್ಲಿ ಅವರ ಮುತ್ತಜ್ಜನಿಗೆ ಸೇರಿದ ನಾಲ್ಕು ಕಾಗದಗಳಿದ್ದವು.

ಮೊದಲನೆಯದು 1868ರದು. ತಾನು ಅಮೆರಿಕದ ಪ್ರಜೆಯಾಗಬೇಕೆಂದಿದ್ದೇನೆ, ಪ್ರಷ್ಯದ ದೊರೆಗೆ ಸಲ್ಲಿಸಬೇಕಾದ ನಿಷ್ಠೆಯನ್ನು ತೊರೆಯುತ್ತೇನೆ ಎಂಬ ಘೋಷಣೆ ಅದರಲ್ಲಿದೆ. ಎರಡನೆಯದು 1873ರ ಪೌರತ್ವ ಪತ್ರ. ಅದರಲ್ಲಿ ತೊರೆದಿರುವುದು ಜರ್ಮನಿಯ ಚಕ್ರವರ್ತಿಯನ್ನು. ಎರಡು ಕಾಗದಗಳ ನಡುವೆ, 1871ರಲ್ಲಿ, ಪ್ರಷ್ಯದ ದೊರೆಯೇ ಜರ್ಮನಿಯ ಚಕ್ರವರ್ತಿಯಾದದ್ದನ್ನು ತರಗತಿಯಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೇನೆ. ಆದರೆ ಆ ಘಟನೆ ಒಬ್ಬ ಸಾಮಾನ್ಯ ಮನುಷ್ಯನ ಕಾಗದದಲ್ಲಿ ಹೀಗೆ ಅಚ್ಚೊತ್ತಿರುವುದನ್ನು ಕಣ್ಣಾರೆ ಕಂಡದ್ದು ಇದೇ ಮೊದಲು. ಸಹಿಗಳೂ ಬೇರೆ ಬೇರೆ. ಮೊದಲನೆಯದರಲ್ಲಿ ಅಕ್ಷರಗಳು ಬೇಲಿಯ ಗೂಟಗಳಂತೆ ಮೊನಚಾಗಿ ಒತ್ತೊತ್ತಾಗಿವೆ. ಎರಡನೆಯದರಲ್ಲಿ ಅದೇ ಹೆಸರು ದುಂಡನೆಯ ರೋಮನ್ ಅಕ್ಷರಗಳಲ್ಲಿದೆ.

ಮೂರನೆಯದು ಅವರು ತೀರಿಕೊಂಡಾಗ ಪತ್ರಿಕೆಯಲ್ಲಿ ಬಂದ ತುಂಡು ಸುದ್ದಿ. ವಕೀಲರಾಗಿದ್ದರು, ಸರ್ವರ ಗೌರವಕ್ಕೆ ಪಾತ್ರರಾಗಿದ್ದರು ಎಂಬಷ್ಟೇ ಅದರ ಸಾರ. ನಾಲ್ಕನೆಯದು ಕೈಬರಹದ ಮಡಿಸಿದ ಹಾಳೆ. ಹಳೆಯ ಜರ್ಮನ್ ಬರವಣಿಗೆಯಾದ್ದರಿಂದ ಮನೆಯಲ್ಲಿ ಯಾರಿಗೂ ಓದಲು ಬಾರದು.

ಪರದೇಶದಿಂದ ಬಂದ ಯುವಕನೊಬ್ಬ ಈ ಸಣ್ಣ ಊರಿನಲ್ಲಿ ವಕೀಲನಾದದ್ದು ಹೇಗೆ? ಅವನು ಕಾಲೇಜಿನಲ್ಲಿ ಕಾನೂನು ಓದಿರಲೇಬೇಕೆ? ದಿನವೂ ಮಾಡುತ್ತಿದ್ದ ಕೆಲಸವೇನು? ತಿಳಿದವರು ದಯವಿಟ್ಟು ವಿವರಿಸಬೇಕು. ಮೊಮ್ಮಗಳ ಹಾಳೆಯಲ್ಲಿ 'ವಕೀಲರು' ಎಂಬ ಒಂದೇ ಪದ ಬರೆದು ಬಿಡಲು ನನಗೆ ಮನಸ್ಸಾಗುತ್ತಿಲ್ಲ.

ಹಳೆಯ ದಾಖಲೆಗಳ ಓದುಗ, ಷಿಕಾಗೊ

ಮೇಡಂ, ನಿಮ್ಮ ಪೆಟ್ಟಿಗೆಯಲ್ಲಿರುವ ಮೊದಲೆರಡು ಕಾಗದಗಳಿಂದಲೇ ತೊಡಗೋಣ. 1802ರ ಕಾಯ್ದೆಯ ಪ್ರಕಾರ ಪೌರತ್ವಕ್ಕೆ ಐದು ವರ್ಷಗಳ ವಾಸ ಬೇಕಿತ್ತು, ಅದಕ್ಕೂ ಮೊದಲೇ ಉದ್ದೇಶದ ಘೋಷಣೆಯನ್ನು ಸಲ್ಲಿಸಿರಬೇಕಿತ್ತು. ಘೋಷಣೆಗೂ ಪೌರತ್ವಕ್ಕೂ ನಡುವೆ ಮೊದಲು ಮೂರು ವರ್ಷಗಳ ಅಂತರವಿರಬೇಕಿತ್ತು. 1824ರಲ್ಲಿ ಅದನ್ನು ಎರಡಕ್ಕೆ ಇಳಿಸಿದರು. ಈ ಕೆಲಸಕ್ಕೆ ರಾಜಧಾನಿಗೆ ಹೋಗಬೇಕಾಗಿರಲಿಲ್ಲ. ದಾಖಲೆ ಪುಸ್ತಕ ಇಡುವ ಯಾವುದೇ ನ್ಯಾಯಾಲಯ, ಅಂದರೆ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕದ) ಕೋರ್ಟೂ ಸಹ, ಪೌರತ್ವ ಕೊಡಬಹುದಿತ್ತು. ದೇಶಕ್ಕೆಲ್ಲ ಒಂದೇ ನಮೂನೆ, ಒಂದೇ ಇಲಾಖೆ ಎಂಬ ವ್ಯವಸ್ಥೆ ಬಂದದ್ದು 1906ರಲ್ಲಿ. ಹೀಗಾಗಿ ವಲಸೆ ಬಂದವನು ಹೊಸ ದೇಶದ ಕಾನೂನನ್ನು ಮೊದಲು ಕಾಣುತ್ತಿದ್ದುದು ತನ್ನ ಊರಿನ ಕೋರ್ಟಿನ ಗುಮಾಸ್ತರ ಮೇಜಿನ ಮುಂದೆಯೇ.

ಕಾಲೇಜಿನ ಪ್ರಶ್ನೆಗೆ ಬಂದರೆ, ಆ ಕಾಲದಲ್ಲಿ ಹೆಚ್ಚಿನವರು ಕಾನೂನು ಕಲಿತದ್ದು ಹಿರಿಯ ವಕೀಲರ ಕಚೇರಿಯಲ್ಲಿ. ಬೆಳಿಗ್ಗೆ ಕಚೇರಿ ತೆರೆದು, ಒಲೆಗೆ ಸೌದೆ ಹಾಕಿ, ಅರ್ಜಿಗಳನ್ನು ಕೈಯಲ್ಲಿ ನಕಲು ಮಾಡುತ್ತ, ಬಿಡುವಿನಲ್ಲಿ ಇಂಗ್ಲಿಷ್ ಕಾನೂನಿನ ಬಗ್ಗೆ ಬ್ಲ್ಯಾಕ್‌ಸ್ಟೋನ್ ಬರೆದ ಹೆಸರಾಂತ ಗ್ರಂಥವನ್ನು ಓದುತ್ತ ಎರಡು ಮೂರು ವರ್ಷ ಕಳೆದ ಮೇಲೆ ಪರೀಕ್ಷೆ. ಅದೂ ಬಹುಮಟ್ಟಿಗೆ ಬಾಯಿಮಾತಿನದು. ಇಲಿನಾಯ್‌ನಲ್ಲಿ ನಡತೆಯ ಬಗ್ಗೆ ಕೌಂಟಿ ನ್ಯಾಯಾಲಯದ ಪ್ರಮಾಣಪತ್ರವನ್ನೂ ರಾಜ್ಯ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಿಂದ ಸನ್ನದನ್ನೂ ಪಡೆಯಬೇಕಿತ್ತು. ಅಬ್ರಹಾಂ ಲಿಂಕನ್ 1836ರಲ್ಲಿ ಸನ್ನದು ಪಡೆದದ್ದು ಹೀಗೆಯೇ; ಅವರು ಯಾವ ಕಾನೂನು ಕಾಲೇಜಿನ ಮೆಟ್ಟಿಲನ್ನೂ ಹತ್ತಿದವರಲ್ಲ. ಪರೀಕ್ಷಾ ಮಂಡಳಿಯೊಂದು ಅಲ್ಲಿ ಬಂದದ್ದು 1897ರಲ್ಲಿ.

ಎಂದರೆ ನಿಮ್ಮ ಬೀಗರ ಮುತ್ತಜ್ಜನ ಹೆಸರು ರಾಜ್ಯ ಸುಪ್ರೀಂ ಕೋರ್ಟಿನ ವಕೀಲರ ಪಟ್ಟಿಯಲ್ಲಿ ದಿನಾಂಕದೊಂದಿಗೆ ಇರಬೇಕು. ಹೆಸರಿನ ಕಾಗುಣಿತದ ಬಗ್ಗೆ ಮಾತ್ರ ಎಚ್ಚರವಿರಲಿ. ಇಂಗ್ಲಿಷ್ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆಯುತ್ತಿದ್ದರು. ನಮ್ಮವರ ತಂದೆಯ ಹೆಸರೋ ಊರಿನ ಹೆಸರೋ ಇಲ್ಲಿ ಮನೆತನದ ಹೆಸರಾಗಿ ಕೂತುಬಿಡುವಂತೆ ಅವರ ಹೆಸರುಗಳೂ ರೂಪ ಬದಲಿಸಿವೆ. ಒಂದೇ ಹೆಸರನ್ನು ನಾಲ್ಕೈದು ಬಗೆಯಲ್ಲಿ ಹುಡುಕಬೇಕಾಗುತ್ತದೆ.

ಇತಿಹಾಸ ಸಂಶೋಧಕಿ, ಮೈಸೂರು

ಟೀಚರ್, ನೀವಿರುವ ಜಾಗದಿಂದ ಕಾರಿನಲ್ಲಿ ಅರ್ಧ ಗಂಟೆಯಷ್ಟು ದೂರದಲ್ಲಿರುವ ಬೆಲ್‌ವಿಲ್ ಊರಿಗೆ ಒಮ್ಮೆ ಹೋಗಿಬನ್ನಿ. ನಿಮ್ಮ ಬೀಗರ ಮುತ್ತಜ್ಜ ಬರುವುದಕ್ಕೆ ಮೂವತ್ತು ವರ್ಷ ಮೊದಲೇ ಅಲ್ಲಿ ಒಬ್ಬ ಜರ್ಮನ್ ವಕೀಲರು ನೆಲೆಯೂರಿದ್ದರು. ಅವರ ಬದುಕಿನ ವಿವರಗಳು ಚೆನ್ನಾಗಿ ಉಳಿದುಬಂದಿವೆ. ಆ ದೀಪವನ್ನು ಹಿಡಿದರೆ ನಿಮ್ಮವರ ದಾರಿಯೂ ಒಂದಿಷ್ಟು ಕಾಣಬಹುದು.

ಅವರ ಹೆಸರು ಗುಸ್ಟಾವ್ ಕೋರ್ನರ್. ಹುಟ್ಟಿದ್ದು 1809ರಲ್ಲಿ, ಫ್ರಾಂಕ್‌ಫರ್ಟ್ ನಗರದಲ್ಲಿ. ಯೇನಾ, ಮ್ಯೂನಿಕ್, ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯಗಳಲ್ಲಿ ಕಾನೂನು ಓದಿ 1832ರಲ್ಲಿ ಡಾಕ್ಟರೇಟ್ ಪಡೆದರು. ಮರುವರ್ಷ ಏಪ್ರಿಲ್ 3ರಂದು, ಚೂರುಚೂರಾಗಿದ್ದ ಜರ್ಮನ್ ನಾಡನ್ನು ಒಂದು ಗಣರಾಜ್ಯವಾಗಿ ಮಾಡುವ ಕನಸಿನಿಂದ, ವಿದ್ಯಾರ್ಥಿಗಳ ಒಂದು ಗುಂಪು ಫ್ರಾಂಕ್‌ಫರ್ಟಿನ ಕಾವಲು ಠಾಣೆಗಳ ಮೇಲೆ ದಾಳಿ ಮಾಡಿತು. ಆ ಗುಂಪಿನಲ್ಲಿ ಕೋರ್ನರ್ ಇದ್ದರು. ದಾಳಿ ವಿಫಲವಾಯಿತು. ಗಾಯಗೊಂಡಿದ್ದ ಅವರು ತಲೆತಪ್ಪಿಸಿಕೊಂಡು ಫ್ರಾನ್ಸ್ ಮಾರ್ಗವಾಗಿ ಹಡಗು ಹತ್ತಿ ಅದೇ ವರ್ಷ ಅಮೆರಿಕ ಸೇರಿದರು. ಮಿಸೌರಿ ರಾಜ್ಯದಲ್ಲಿ ನೆಲೆಸುವ ಯೋಚನೆಯಿತ್ತು; ಅಲ್ಲಿನ ಗುಲಾಮಗಿರಿಯನ್ನು ಕಂಡು ಸಹಿಸಲಾಗದೆ ನದಿ ದಾಟಿ ಇಲಿನಾಯ್‌ನ ಸೇಂಟ್ ಕ್ಲೇರ್ ಕೌಂಟಿಗೆ ಬಂದರು.

ಆ ಪ್ರದೇಶಕ್ಕೆ ಬಂದ ಇಂಥ ಓದಿದ ಜರ್ಮನರಿಗೆ 'ಲ್ಯಾಟಿನ್ ರೈತರು' ಎಂಬ ಹೆಸರು ಬಿದ್ದಿತ್ತು, ಏಕೆಂದರೆ ಅವರಿಗೆ ನೇಗಿಲಿಗಿಂತ ಲ್ಯಾಟಿನ್ ವ್ಯಾಕರಣವೇ ಹೆಚ್ಚು ಪರಿಚಿತ. ಕೋರ್ನರ್ ಬೇಸಾಯಕ್ಕೆ ಇಳಿಯದೆ ಮತ್ತೆ ಪುಸ್ತಕ ಹಿಡಿದರು. ರೋಮನ್ ಕಾನೂನಿನಲ್ಲಿ ಡಾಕ್ಟರೇಟ್ ಪಡೆದವರು ಕೆಂಟಕಿಯ ಲೆಕ್ಸಿಂಗ್ಟನ್ನಿನ ಟ್ರಾನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಾನೂನನ್ನು ಪರಭಾಷೆಯಲ್ಲಿ ಮೊದಲಿನಿಂದ ಕಲಿತು 1835ರಲ್ಲಿ ಸನ್ನದು ಪಡೆದರು. ಆಗ ಅವರು ಈ ದೇಶಕ್ಕೆ ಬಂದು ಎರಡೇ ವರ್ಷವಾಗಿತ್ತು, ಪೌರತ್ವಕ್ಕೆ ಬೇಕಾದ ಐದು ವರ್ಷ ತುಂಬಿರಲಿಲ್ಲ. ಇಲಿನಾಯ್‌ನ 1818ರ ಸಂವಿಧಾನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆರು ತಿಂಗಳಿನಿಂದ ರಾಜ್ಯದಲ್ಲಿ ವಾಸವಿರುವ ಬಿಳಿಯ ವಯಸ್ಕ ಗಂಡಸರೆಲ್ಲರಿಗೂ, ಪ್ರಜೆಗಳಲ್ಲದಿದ್ದರೂ, ಮತದ ಹಕ್ಕು ಕೊಟ್ಟಿತ್ತು. 'ಬಿಳಿಯ' ಎಂಬ ಆ ಪದವನ್ನು ದಯವಿಟ್ಟು ನೆನಪಿನಲ್ಲಿಡಿ, ಈ ಚರ್ಚೆಯಲ್ಲಿ ಅದು ಮತ್ತೆ ಬರುವುದು ಖಂಡಿತ.

ಮುಂದೆ ಅವರು ರಾಜ್ಯ ಸುಪ್ರೀಂ ಕೋರ್ಟಿನಲ್ಲಿ 1845ರಿಂದ 1848ರವರೆಗೆ ನ್ಯಾಯಮೂರ್ತಿಯಾದರು, 1853ರಿಂದ 1857ರವರೆಗೆ ರಾಜ್ಯದ ಉಪ ಗವರ್ನರ್ ಆದರು, ಲಿಂಕನ್ನರ ಕಾಲದಲ್ಲಿ ಸ್ಪೇನ್ ದೇಶಕ್ಕೆ ರಾಯಭಾರಿಯಾಗಿ ಹೋದರು, ಲಿಂಕನ್ನರ ಶವಪೆಟ್ಟಿಗೆಯ ಜೊತೆ ನಡೆದವರಲ್ಲಿ ಒಬ್ಬರಾದರು. ಇವೆಲ್ಲ ಸುಲಭವಾಗಿ ಸಿಗುವ ಸಂಗತಿಗಳು. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 1838ರಲ್ಲಿ ಅವರು ಮಾಡಿದ ಒಂದು ಕೆಲಸ. ಇಲಿನಾಯ್‌ನ ಮುಖ್ಯ ಕಾನೂನುಗಳನ್ನು ಆಯ್ದು, ಟಿಪ್ಪಣಿ ಬರೆದು, ಜರ್ಮನ್ ಭಾಷೆಯಲ್ಲಿ ಸೇಂಟ್ ಲೂಯಿಸ್‌ನಲ್ಲಿ ಅಚ್ಚು ಹಾಕಿಸಿದರು. ಬೇಲಿ ಯಾರು ಹಾಕಬೇಕು, ದನ ಪರರ ಹೊಲಕ್ಕೆ ನುಗ್ಗಿದರೆ ಯಾರು ಹೊಣೆ, ಗಂಡ ಸತ್ತರೆ ಹೆಂಡತಿಗೆ ಎಷ್ಟು ಪಾಲು ಎಂಬಂಥ ಪ್ರಶ್ನೆಗಳಿಗೆ ರಾಜ್ಯದ ಕಾನೂನು ಕೊಡುವ ಉತ್ತರವನ್ನು, ಇಂಗ್ಲಿಷ್ ಬಾರದ ರೈತನೊಬ್ಬ ತನ್ನ ಭಾಷೆಯಲ್ಲೇ ಓದಿಕೊಳ್ಳುವ ದಾರಿ ಅದರಿಂದ ತೆರೆಯಿತು. ಆಗ ಕೋರ್ನರ್ ಅವರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ. ಅವರು 1896ರಲ್ಲಿ ಬೆಲ್‌ವಿಲ್‌ನಲ್ಲೇ ತೀರಿಕೊಂಡರು. ಅವರ ಇಟ್ಟಿಗೆಯ ಮನೆ ಇಂದಿಗೂ ಆ ಊರಿನಲ್ಲಿ ನಿಂತಿದೆ.

ವಕೀಲ, ಧಾರವಾಡ

ಮೈಸೂರಿನ ಸಹೋದರಿಯವರು ಬರೆದದ್ದು ಬಹಳ ಚಲೋ ಇದೆ. ಆದರೆ ಒಂದು ಮಾತನ್ನು ಸೇರಿಸಲೇಬೇಕು. ಕೋರ್ನರ್ ಅವರಂಥವರ ಎತ್ತರದಿಂದ ನೋಡಿದರೆ ಬಾಯಿಯವರ ಬೀಗರ ಮುತ್ತಜ್ಜ ಕಾಣಿಸುವುದೇ ಇಲ್ಲ. ನಾನು ತಾಲ್ಲೂಕು ನ್ಯಾಯಾಲಯದಲ್ಲಿ ನಲವತ್ತು ವರ್ಷ ಕಪ್ಪು ಕೋಟು ಹಾಕಿದವನು. ನ್ಯಾಯಮೂರ್ತಿಯಾಗದ, ಶಾಸಕನಾಗದ, ಸಣ್ಣ ಊರಿನ ವಕೀಲನ ಜೀವನ ಇರುವುದು ದಾವೆಗಳ ರಿಜಿಸ್ಟರಿನಲ್ಲಿ.

1870 ಮತ್ತು 1880ರ ದಶಕಗಳಲ್ಲಿ ಅಮೆರಿಕದ ಅನೇಕ ಕೌಂಟಿಗಳಿಗೆ ದಪ್ಪನೆಯ ಚರಿತ್ರೆ ಪುಸ್ತಕಗಳು ಬಂದವು. ಅವುಗಳಲ್ಲಿ ಊರಿನ ಗಣ್ಯರ ಜೀವನಚರಿತ್ರೆಗಳಿವೆ. ಬಹುಪಾಲು ಅವು ಚಂದಾ ಕೊಟ್ಟವರ ಚರಿತ್ರೆಗಳು. ಹೊಗಳಿಕೆಗೆ ಕೊರತೆಯಿಲ್ಲ, ಕೆಲಸದ ವಿವರವಿಲ್ಲ. ಪತ್ರಿಕೆಯ ಮರಣವಾರ್ತೆಯೂ ಹಾಗೆಯೇ. ಅವುಗಳ ಮೇಲೆ ಭಾರ ಹಾಕಬೇಡಿರಿ. ಲಿಂಕನ್ನರ ವಕೀಲಿಯನ್ನೇ ತೆಗೆದುಕೊಳ್ಳಿರಿ. ಸಂಶೋಧಕರು ಇಲಿನಾಯ್‌ನ ಕೌಂಟಿ ಕೋರ್ಟುಗಳ ಕಡತಗಳನ್ನು ಒಂದೊಂದಾಗಿ ತಿರುವಿಹಾಕಿ ಅವರು ಮತ್ತು ಅವರ ಪಾಲುದಾರರು ನಡೆಸಿದ 5,000ಕ್ಕೂ ಹೆಚ್ಚು ಪ್ರಕರಣಗಳನ್ನು ಗುರುತಿಸಿದರು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸಾಲ ವಸೂಲಿಗೆ ಸಂಬಂಧಿಸಿದವು. ಕೊಲೆ ಮೊಕದ್ದಮೆಗಳು ಕಥೆಗೆ ಒದಗುತ್ತವೆ, ಆದರೆ ಮನೆಯ ಒಲೆ ಉರಿಸಿದ್ದು ಪ್ರೋನೋಟಿನ ದಾವೆಗಳು. ನಮ್ಮಲ್ಲಿಯೂ ಹಾಗೆಯೇ ಅಲ್ಲವೇ?

ಆದ್ದರಿಂದ ಆ ಊರಿನ ಕೌಂಟಿ ಕೋರ್ಟಿಗೆ ಹೋಗಿ ಮೂರು ಪುಸ್ತಕಗಳನ್ನು ಕೇಳಿರಿ: ದಾವೆಗಳ ದಿನಚರಿ, ಮೃತ್ಯುಪತ್ರ ಹಾಗೂ ವಾರಸಾ ಕಡತಗಳು, ಖರೀದಿ ಪತ್ರಗಳ ನೋಂದಣಿ. ಅವರು ಯಾರ ಪರವಾಗಿ ನಿಂತರು, ಯಾರ ವಿರುದ್ಧ ನಿಂತರು, ಒಬ್ಬ ಕಕ್ಷಿಗಾರ ಎಷ್ಟು ಸಲ ಮರಳಿ ಬಂದ ಎಂಬುದು ಅಲ್ಲಿ ತಿಳಿಯುತ್ತದೆ. ಜರ್ಮನ್ ಹೆಸರಿನ ವಿಧವೆಯರ ವಾರಸಾ ಪ್ರಕರಣಗಳು ಅವರ ಹೆಸರಿನ ಮುಂದೆ ಸಾಲಾಗಿ ಕಂಡರೆ, ಅವರ ವೃತ್ತಿ ಯಾವುದರ ಮೇಲೆ ನಿಂತಿತ್ತು ಎಂಬುದು ಗೊತ್ತಾಗುತ್ತದೆ.

ಇನ್ನೊಂದು. ವಲಸೆ ಬಂದವರ ಅಣ್ಣತಮ್ಮಂದಿರು, ಹೊಲಮನೆ ಹಿಂದಿನ ದೇಶದಲ್ಲೇ ಇರುತ್ತಿದ್ದವು. ಅಲ್ಲಿ ತಂದೆ ತೀರಿಕೊಂಡರೆ ಇಲ್ಲಿರುವ ಮಗಳ ಪಾಲನ್ನು ತರಿಸಿಕೊಳ್ಳಲು ಅಧಿಕಾರ ಪತ್ರ ಬರೆಸಿ ಕಳಿಸಬೇಕು. ಇಂದು ಪರದೇಶದಲ್ಲಿರುವ ನಮ್ಮ ಮಕ್ಕಳು ಊರಿನ ಆಸ್ತಿಗಾಗಿ ಜಿಪಿಎ ಬರೆದುಕೊಟ್ಟು ದೂತಾವಾಸದ ಮೊಹರು ಹಾಕಿಸುತ್ತಾರಲ್ಲ, ಅದೇ ಕೆಲಸ. ಎರಡು ಭಾಷೆ, ಎರಡು ಕಾನೂನು ಬಲ್ಲ ವಕೀಲ ಇಂಥದ್ದಕ್ಕೆ ಬೇಕೇ ಬೇಕು. ನಿಮ್ಮ ನಾಲ್ಕನೆಯ ಕಾಗದ ಅಂಥದ್ದಿರಬಹುದೇ ಎಂದು ನನ್ನ ಊಹೆ.

ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಮೊಮ್ಮಗಳೊಂದಿಗೆ ಬೆಲ್‌ವಿಲ್‌ಗೆ ಹೋಗಿ ಕೋರ್ನರ್ ಅವರ ಮನೆಯನ್ನು ಹೊರಗಿನಿಂದ ನೋಡಿ ಬಂದೆ. ಅವಳು ದಾರಿಯಲ್ಲಿ ಒಂದು ಪ್ರಶ್ನೆ ಕೇಳಿದಳು: ಅಮ್ಮನ ಕಡೆಯ ಅಜ್ಜ ಬಂದ ವರ್ಷವೇ ನಮ್ಮ ಕಡೆಯವರೂ ಯಾಕೆ ಬರಲಿಲ್ಲ? ನಾನು ಹಡಗು, ದೂರ, ಬಡತನ ಎಂದೇನೋ ಹೇಳಿದೆ. ಮಲಗುವ ಮುನ್ನ ಮೈಸೂರಿನವರು ನೆನಪಿನಲ್ಲಿಡಲು ಹೇಳಿದ ಆ ಪದ ನೆನಪಾಗಿ, ನಾನು ಕೊಟ್ಟ ಉತ್ತರ ಸಾಲದೆಂದು ಅನ್ನಿಸಿತು.

ದ್ರಾಕ್ಷಿ ಬೆಳೆಯ ನಾಡಿನಿಂದ, ಫ್ರೆಸ್ನೊ

ಅಮ್ಮಾ, ನಿಮ್ಮ ಮೊಮ್ಮಗಳ ಪ್ರಶ್ನೆಗೆ ನೇರವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ಅದೇ ಈ ಚರ್ಚೆಯ ಮರ್ಮವೆಂದು ನನ್ನ ಭಾವನೆ. 1790ರ ಮೊದಲ ಪೌರತ್ವ ಕಾಯ್ದೆ ಆ ಹಕ್ಕನ್ನು 'ಸ್ವತಂತ್ರ ಬಿಳಿಯ ವ್ಯಕ್ತಿ'ಗಳಿಗೆ ಮಾತ್ರ ಕೊಟ್ಟಿತು. 1870ರಲ್ಲಿ ಆಫ್ರಿಕ ಮೂಲದವರನ್ನು ಸೇರಿಸಿದರು. ಏಷ್ಯದವರು ಹೊರಗೇ ಉಳಿದರು. ನಿಮ್ಮ ಬೀಗರ ಮುತ್ತಜ್ಜ 1873ರಲ್ಲಿ ಕೋರ್ಟಿನ ಗುಮಾಸ್ತರ ಮುಂದೆ ನಿಂತಾಗ ಈ ಪದದ ಬಗ್ಗೆ ಯಾರೂ ಅವರನ್ನು ಪ್ರಶ್ನಿಸಿರಲಾರರು. ನಿಮ್ಮ ಯಜಮಾನರ ಮುತ್ತಜ್ಜ ಅದೇ ಮೇಜಿನ ಮುಂದೆ ನಿಂತಿದ್ದರೆ ಪ್ರಶ್ನೆ ಅಲ್ಲಿಂದಲೇ ಏಳುತ್ತಿತ್ತು.

ಆ ಪ್ರಶ್ನೆಯನ್ನು ದೇಶದ ಸುಪ್ರೀಂ ಕೋರ್ಟ್ ತೀರ್ಮಾನಿಸಿದ್ದು 1923ರ ಫೆಬ್ರವರಿ 19ರಂದು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದ ಭಗತ್ ಸಿಂಗ್ ಥಿಂದ್ ಅವರು ಆರಿಗನ್ ರಾಜ್ಯದಲ್ಲಿ ಪೌರತ್ವ ಪಡೆದಿದ್ದರು. ಸರ್ಕಾರ ಅದನ್ನು ಪ್ರಶ್ನಿಸಿತು. ಥಿಂದ್ ಅವರ ಪರವಾಗಿ ವಾದಿಸಿದವರಲ್ಲಿ ಸಖಾರಾಮ ಗಣೇಶ ಪಂಡಿತರೂ ಒಬ್ಬರು. ಅವರು ಅಹಮದಾಬಾದಿನಲ್ಲಿ ಹುಟ್ಟಿ, 1914ರಲ್ಲಿ ಅಮೆರಿಕದ ಪ್ರಜೆಯಾಗಿ, ಲಾಸ್ ಏಂಜಲೀಸ್‌ನಲ್ಲಿ ವಕೀಲಿ ಮಾಡುತ್ತಿದ್ದರು. ಭಾರತೀಯರು ಜನಸಾಮಾನ್ಯರ ತಿಳಿವಳಿಕೆಯಲ್ಲಿ ಬಿಳಿಯರಲ್ಲ ಎಂದು ನ್ಯಾಯಾಲಯ ಒಮ್ಮತದಿಂದ ತೀರ್ಪು ಕೊಟ್ಟಿತು. ಅದರ ಬೆನ್ನಿಗೇ ಸರ್ಕಾರ ಈಗಾಗಲೇ ಪ್ರಜೆಗಳಾಗಿದ್ದ ಭಾರತೀಯರ ಪೌರತ್ವವನ್ನು ಕಿತ್ತುಕೊಳ್ಳಲು ತೊಡಗಿ, ಪಂಡಿತರ ಮೇಲೂ ದಾವೆ ಹೂಡಿತು. ಅವರು ತಮ್ಮ ಪೌರತ್ವಕ್ಕಾಗಿ ತಾವೇ ಹೋರಾಡಿದರು. ನ್ಯಾಯಾಲಯವೊಂದು ಎಲ್ಲ ಸಂಗತಿಗಳನ್ನೂ ತಿಳಿದೇ ಕೊಟ್ಟ ಪೌರತ್ವ ಇದು, ಅದನ್ನು ನಂಬಿ ನಾನು ವೃತ್ತಿ ಕಟ್ಟಿಕೊಂಡೆ, ಸಂಸಾರ ಹೂಡಿದೆ, ಇಷ್ಟು ವರ್ಷಗಳ ಮೇಲೆ ಸರ್ಕಾರ ಹಿಂದೆ ಸರಿಯುವಂತಿಲ್ಲ ಎಂಬುದು ಅವರ ವಾದದ ತಿರುಳು. 1926ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ಮರುವರ್ಷ ಸುಪ್ರೀಂ ಕೋರ್ಟ್ ಸರ್ಕಾರದ ಮನವಿಯನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ಉಳಿದ ಭಾರತೀಯರ ಮೇಲಿದ್ದ ಇಂಥ ದಾವೆಗಳನ್ನು ಸರ್ಕಾರ ಆ ಬಳಿಕ ಕೈಬಿಟ್ಟಿತು.

ಥಿಂದ್ ತೀರ್ಪನ್ನು ಬರೆದ ನ್ಯಾಯಮೂರ್ತಿ ಜಾರ್ಜ್ ಸದರ್‌ಲ್ಯಾಂಡ್ ಯಾರು ಎಂಬುದನ್ನೂ ಇಲ್ಲಿ ಹೇಳಬೇಕು. ಅವರು 1862ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಹಸುಗೂಸಾಗಿದ್ದಾಗಲೇ ತಂದೆತಾಯಿಯೊಡನೆ ಯೂಟಾ ಪ್ರಾಂತಕ್ಕೆ ಬಂದವರು. ಪ್ರೋವೊ ಎಂಬ ಸಣ್ಣ ಊರಿನಲ್ಲಿ 1883ರಲ್ಲಿ ತಂದೆಯ ಜೊತೆಗೂಡಿ ವಕೀಲಿ ಆರಂಭಿಸಿದವರು. ಈ ಚರ್ಚೆಯ ಶೀರ್ಷಿಕೆಯಲ್ಲಿರುವಂಥವರೇ ಅವರೂ: ವಲಸೆ ಬಂದವರು, ಸಣ್ಣ ಊರಿನ ವಕೀಲರು. ಅವರಿಗೆ ತೆರೆದಿದ್ದ ಬಾಗಿಲು ನಮ್ಮವರ ಪಾಲಿಗೆ ಮುಚ್ಚಿದ್ದು ಅವರದೇ ಲೇಖನಿಯಿಂದ. ಇದನ್ನು ಓದಿದ ದಿನ ನನಗೆ ಬಹಳ ನೋವಾಯಿತು, ಇಂದಿಗೂ ಅದು ಕಡಿಮೆಯಾಗಿಲ್ಲ.

ಬಾಗಿಲು ಮತ್ತೆ ತೆರೆದದ್ದು 1946ರಲ್ಲಿ, ಲೂಸ್–ಸೆಲ್ಲರ್ ಕಾಯ್ದೆಯಿಂದ. ಭಾರತದಿಂದ ವರ್ಷಕ್ಕೆ ಕೇವಲ 100 ಮಂದಿಗೆ ಪ್ರವೇಶ, ಆದರೆ ಪೌರತ್ವದ ಹಕ್ಕು ಸಿಕ್ಕಿತು. ಅದಕ್ಕಾಗಿ ದುಡಿದವರಲ್ಲಿ ನಮ್ಮ ಕ್ಯಾಲಿಫೋರ್ನಿಯದ ಇಂಪೀರಿಯಲ್ ಕಣಿವೆಯ ದಲೀಪ್ ಸಿಂಗ್ ಸೌಂದ್ ಒಬ್ಬರು. ಗಣಿತದಲ್ಲಿ ಡಾಕ್ಟರೇಟ್ ಪಡೆದು ಬೇಸಾಯಕ್ಕೆ ಇಳಿದಿದ್ದ ಅವರು 1949ರ ಡಿಸೆಂಬರಿನಲ್ಲಿ ಪ್ರಜೆಯಾದರು. 1950ರಲ್ಲಿ ವೆಸ್ಟ್‌ಮೋರ್‌ಲ್ಯಾಂಡ್ ಎಂಬ ಪುಟ್ಟ ಊರಿನವರು ಅವರನ್ನು ನ್ಯಾಯಾಧೀಶರನ್ನಾಗಿ ಆರಿಸಿದರು; ಚುನಾವಣೆಯ ದಿನಕ್ಕೆ ಪ್ರಜೆಯಾಗಿ ಒಂದು ವರ್ಷ ತುಂಬಿರಲಿಲ್ಲವೆಂಬ ಕಾರಣಕ್ಕೆ ಆ ಸ್ಥಾನ ಕೈತಪ್ಪಿತು. 1952ರಲ್ಲಿ ಅದೇ ಜನ ಮತ್ತೆ ಅವರನ್ನೇ ಆರಿಸಿದರು. ನಾಲ್ಕು ವರ್ಷಗಳ ಮೇಲೆ ಅವರು ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದ ಮೊದಲ ಭಾರತೀಯರಾದರು.

ಇತಿಹಾಸ ಸಂಶೋಧಕಿ, ಮೈಸೂರು

ಫ್ರೆಸ್ನೊದವರು ಬರೆದದ್ದನ್ನು ಒಪ್ಪುತ್ತೇನೆ, ಆದರೆ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಸದರ್‌ಲ್ಯಾಂಡ್ ಅವರೊಬ್ಬರೇ ಬಾಗಿಲು ಮುಚ್ಚಿದರೆಂದು ಹೇಳಿದರೆ ಕಾಯ್ದೆಯ ಹೊಣೆ ಮರೆಯಾಗುತ್ತದೆ. ಆ ಪದ 130 ವರ್ಷಗಳಿಗೂ ಹೆಚ್ಚು ಕಾಲದಿಂದ ಪುಸ್ತಕದಲ್ಲಿತ್ತು, ಎಲ್ಲ ನ್ಯಾಯಮೂರ್ತಿಗಳೂ ಆ ತೀರ್ಪಿಗೆ ಸಹಮತ ನೀಡಿದರು. ಕೋರ್ನರ್ ಅವರೂ ಗುಲಾಮಗಿರಿಯನ್ನು ವಿರೋಧಿಸಿದವರೇ, ಆದರೆ ಮತದ ಹಕ್ಕನ್ನು ಅವರಿಗೆ ತಂದುಕೊಟ್ಟ ಕಲಮಿನಲ್ಲಿ 'ಬಿಳಿಯ' ಎಂಬ ಪದವಿತ್ತು. ಇದರಿಂದ ಕೋರ್ನರ್ ಅವರ ಕೆಲಸ ಸಣ್ಣದಾಗುವುದಿಲ್ಲ. ಆ ಕೆಲಸ ಯಾವ ಅಂಗಳದೊಳಗೆ ನಡೆಯಿತು ಎಂಬುದು ಕಾಣಿಸುತ್ತದೆ, ಅಷ್ಟೆ. ಟೀಚರ್, ನಿಮ್ಮ ಮೊಮ್ಮಗಳ ವಂಶವೃಕ್ಷದಲ್ಲಿ ಆ ಅಂಗಳದ ಒಳಗಿದ್ದವರೂ ಹೊರಗಿದ್ದವರೂ ಒಂದೇ ಹಾಳೆಯ ಮೇಲೆ ಬಂದಿದ್ದಾರೆ. ಎರಡನ್ನೂ ಅವಳಿಗೆ ಹೇಳಿ. ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ನ್ಯಾಯ ಅನ್ಯಾಯ ನಮಗಿಂತ ಬೇಗ ತಿಳಿಯುತ್ತದೆ.

ವಕೀಲಿಯ ಅಂಗಳದ ಹೊರಗೆ ಹೆಂಗಸರೂ ಇದ್ದರು. ಕಾನೂನು ಪತ್ರಿಕೆಯೊಂದನ್ನೇ ನಡೆಸುತ್ತಿದ್ದ ಮೈರಾ ಬ್ರ್ಯಾಡ್‌ವೆಲ್ ಅವರಿಗೆ ಇದೇ ಇಲಿನಾಯ್‌ನ ಸುಪ್ರೀಂ ಕೋರ್ಟ್ ಹೆಣ್ಣೆಂಬ ಕಾರಣಕ್ಕೆ ಸನ್ನದು ನಿರಾಕರಿಸಿತು, 1873ರಲ್ಲಿ ದೇಶದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನಿಮ್ಮ ಕೈಯಲ್ಲಿರುವ ಪೌರತ್ವ ಪತ್ರದ ವರ್ಷವೂ ಅದೇ.

ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಹದಿನೈದು ದಿನಗಳ ಮೇಲೆ ಬರೆಯುತ್ತಿದ್ದೇನೆ. ಬೀಗರು, ಸೊಸೆ, ಮೊಮ್ಮಗಳು ಮತ್ತು ನಾನು ಆ ಊರಿನ ಕೌಂಟಿ ಕೋರ್ಟಿಗೆ ಹೋಗಿದ್ದೆವು. ಗುಮಾಸ್ತರು ನೆಲಮಾಳಿಗೆಯಿಂದ ತಂದಿಟ್ಟ ಪುಸ್ತಕ ಎಷ್ಟು ಭಾರವಾಗಿತ್ತೆಂದರೆ ಮೊಮ್ಮಗಳು ಎರಡೂ ಕೈ ಕೊಟ್ಟು ರಟ್ಟನ್ನು ತೆರೆಯಬೇಕಾಯಿತು. ಚರ್ಮದ ಪುಡಿ ಬೆರಳಿಗೆಲ್ಲ ಕೆಂಪಗೆ ಹತ್ತಿತು. ಹೆಸರನ್ನು ಮೂರು ಬಗೆಯಲ್ಲಿ ಬರೆದಿದ್ದರು. ಷಿಕಾಗೊದವರು ಎಚ್ಚರಿಸಿರದಿದ್ದರೆ ಎರಡನ್ನು ನಾವು ಬಿಟ್ಟುಬಿಡುತ್ತಿದ್ದೆವು.

ವಕೀಲರೇ, ನೀವು ಹೇಳಿದಂತೆಯೇ ಇತ್ತು. ಒಂದು ಮಧ್ಯಾಹ್ನದಲ್ಲಿ ಕಂಡ ಪುಟಗಳಲ್ಲಿ ಸಾಲದ ದಾವೆಗಳೇ ಹೆಚ್ಚು: ಬೀಜದ ಹಣ, ಕುದುರೆಯ ಬಾಕಿ, ಗಿರಣಿಯವನ ಲೆಕ್ಕ. ವಾರಸಾ ಕಡತಗಳಲ್ಲಿ ಅವರ ಕೈಬರಹವೇ ಸಿಕ್ಕಿತು. ತೀರಿಹೋದ ಒಬ್ಬ ರೈತನ ಮನೆಯ ಸಾಮಾನುಗಳ ಪಟ್ಟಿಯನ್ನು ಅವರು ಬರೆದಿದ್ದಾರೆ: ಎರಡು ಹೇಸರಗತ್ತೆ, ಒಂದು ಬಿತ್ತುವ ಕೂರಿಗೆ, ಒಂದು ಗಡಿಯಾರ, ಜರ್ಮನ್ ಬೈಬಲ್. ಬೈಬಲ್ಲಿನ ಮುಂದೆ ಬೆಲೆಯ ಅಂಕಣವನ್ನು ಖಾಲಿ ಬಿಟ್ಟಿದ್ದಾರೆ. ಬೀಗರು ಆ ಸಾಲಿನ ಕೆಳಗೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನೆ ನಿಂತರು.

ಮೊಮ್ಮಗಳಿಗೆ ಥಿಂದ್, ಪಂಡಿತ, ಸೌಂದ್ ಅವರ ವಿಷಯವನ್ನೂ ಹೇಳಿದೆ. ಅವಳು ತನ್ನ ಹಾಳೆಯ ಎಡಗಡೆ 1873 ಎಂದೂ ಬಲಗಡೆ 1946 ಎಂದೂ ಬರೆದು ನಡುವೆ ಗೆರೆ ಎಳೆದಳು. ನಾಲ್ಕನೆಯ ಕಾಗದ ಮಾತ್ರ ಹಾಗೇ ಉಳಿದಿದೆ. ಅದರ ಚಿತ್ರವನ್ನು ಇಲ್ಲಿ ಹಾಕಿದ್ದೇನೆ, ಹೆಸರುಗಳಿರುವ ಜಾಗವನ್ನು ಮುಚ್ಚಿದ್ದೇನೆ. ಓದಬಲ್ಲವರು ಯಾರಾದರೂ ಇದ್ದಾರೆಯೇ?

ಮೈನ್ ನದಿಯ ದಡದಿಂದ, ಫ್ರಾಂಕ್‌ಫರ್ಟ್

ನಮಸ್ಕಾರ ಅಮ್ಮ. ಇದು ಕುರೆಂಟ್ ಎಂಬ ಹಳೆಯ ಕೈಬರಹ. ಇಂದಿನ ಜರ್ಮನರಲ್ಲೂ ಹೆಚ್ಚಿನವರಿಗೆ ಓದಲು ಬಾರದು. ನಮ್ಮ ಪಕ್ಕದ ಮನೆಯ ಎಂಬತ್ತೆಂಟು ವರ್ಷದ ಅಜ್ಜಿ ಕನ್ನಡಕ ಬದಲಿಸಿಕೊಂಡು ಪದಪದವಾಗಿ ಓದಿ ಹೇಳಿದರು, ನಾನು ಬರೆದುಕೊಂಡೆ.

ಧಾರವಾಡದ ವಕೀಲರ ಊಹೆ ನಿಜ. ಇದು ಅಧಿಕಾರ ಪತ್ರದ ಕರಡು. ಇಲಿನಾಯ್‌ನಲ್ಲಿರುವ ಒಬ್ಬ ವಿಧವೆ, ಊರಿನಲ್ಲಿ ತೀರಿಕೊಂಡ ತಾಯಿಯ ಆಸ್ತಿಯಲ್ಲಿ ತನ್ನ ಪಾಲನ್ನು ಪಡೆದುಕೊಳ್ಳಲು ತಮ್ಮನಿಗೆ ಅಧಿಕಾರ ಕೊಡುತ್ತಾಳೆ. ಒಂದು ಹೊಲ, ಅರ್ಧ ಮನೆ, ಒಂದು ಹಸುವಿನ ಬೆಲೆ. ಹಸುವಿನ ಹಣವನ್ನು ತಮ್ಮನೇ ಇಟ್ಟುಕೊಳ್ಳಲಿ ಎಂಬ ವಾಕ್ಯವನ್ನು ಅಂಚಿನಲ್ಲಿ ಆಮೇಲೆ ಸೇರಿಸಿದ್ದಾರೆ. ಅವಳ ಸಹಿಯ ಜಾಗದಲ್ಲಿ ಮೂರು ಶಿಲುಬೆ ಗುರುತುಗಳಿವೆ. ಬರೆಯಲು ಬಾರದವರು ಹಾಗೆ ಮಾಡುತ್ತಿದ್ದರಂತೆ. ಅದರ ಕೆಳಗಿನ ಸಾಲು ಹೀಗಿದೆ: ಈ ಪತ್ರವನ್ನು ಅವಳಿಗೆ ಅವಳ ತಾಯಿನುಡಿಯಲ್ಲಿ ನಿಧಾನವಾಗಿ ಓದಿ ಹೇಳಿದ್ದೇನೆ, ಅರ್ಥವಾಯಿತೆಂದು ಹೇಳಿದ ಮೇಲೆ ಅವಳು ತನ್ನ ಕೈಯಾರೆ ಗುರುತು ಹಾಕಿದ್ದಾಳೆ. ಅದರ ಕೆಳಗೆ ವಕೀಲರ ಸಹಿ, ಮೊನಚು ಅಕ್ಷರಗಳಲ್ಲಿ.

ವಕೀಲ, ಧಾರವಾಡ

ಬಾಯಿಯವರೇ, ನಮ್ಮ ಹಳೆಯ ಖರೀದಿ ಪತ್ರಗಳ ಕೊನೆಯಲ್ಲಿಯೂ 'ಓದಿಸಿ ಕೇಳಿ, ಸರಿಯೆಂದು ಒಪ್ಪಿ' ಎಂಬ ಮಾತು ಇದ್ದೇ ಇರುತ್ತದೆ. ಅದರ ಕೆಳಗೆ ಎಡಗೈ ಹೆಬ್ಬೆಟ್ಟು, ಅದರ ಪಕ್ಕದಲ್ಲಿ ಬರೆದವರ ಬಿಕ್ಕಲಂ. ಮೊಮ್ಮಗಳ ಹಾಳೆಯಲ್ಲಿ ಆ ಸಾಲನ್ನು ಇಡಿಯಾಗಿ ಬರೆಸಿರಿ.

ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಬರೆಸಿದೆ, ವಕೀಲರೇ. ಇಂಗ್ಲಿಷಿನಲ್ಲಿ ಅವಳೇ ಬರೆದಳು. ಅದರ ಕೆಳಗೆ ಕನ್ನಡದಲ್ಲಿ ನಾನು ಬರೆದೆ. ಜರ್ಮನ್ ಸಾಲನ್ನು ಬೀಗರು ಫ್ರಾಂಕ್‌ಫರ್ಟಿನವರು ಕಳಿಸಿದ ಪ್ರತಿಯನ್ನು ನೋಡಿಕೊಂಡು ಒಂದೊಂದೇ ಅಕ್ಷರವಾಗಿ ಬರೆದರು. ಆ ಅಜ್ಜಿಗೆ ನಮ್ಮೆಲ್ಲರ ನಮಸ್ಕಾರ ತಿಳಿಸಬೇಕೆಂದು ಬೀಗರು ಹೇಳಿದ್ದಾರೆ.